ಫೀಸು ಕಟ್ಟಿದ ಮಾವ

ಮಗನೋ ಮಗಳೋ ಮನೆಯವರ ಜೊತೆ ಮಾತು ಬಿಟ್ಟು ಹೋಗಿದ್ದಾರೆ. ವಯಸ್ಸು ಹದಿನೆಂಟು ದಾಟಿದೆ, ಓದು ಮುಗಿದಿಲ್ಲ. ಮುಂದಿನ ಸೆಮಿಸ್ಟರಿನ ಫೀಸನ್ನು ಅಪ್ಪ ಅಮ್ಮ ಕಟ್ಟಬೇಕಾ? ಬೆಂಗಳೂರಿನ ಆಫೀಸಿನಲ್ಲಿ ಊಟದ ಹೊತ್ತಿಗೆ ಈ ಮಾತು ಎತ್ತಿ ನೋಡಿ. ಅರ್ಧ ಜನ "ಕಟ್ಟಲೇಬೇಕು, ಹುಟ್ಟಿಸಿದ್ದಾರಲ್ಲ" ಅಂತಾರೆ. ಉಳಿದರ್ಧ "ಮುಖ ನೋಡಲ್ಲ ಅಂದವರಿಗೆ ದುಡ್ಡು ಯಾಕೆ" ಅಂತಾರೆ. ಎರಡೂ ಕಡೆಯವರು ಒಂದು ವಿಷಯವನ್ನು ಮಾತ್ರ ಕೇಳದೆಯೇ ಒಪ್ಪಿಕೊಂಡಿರುತ್ತಾರೆ: ಓದಿಸುವುದು ಅಪ್ಪನ ಕೆಲಸ ಅಂತ. ನಮ್ಮ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆ ನೂರು ವರ್ಷದ ಹಿಂದೆ ಹೀಗೆ ಹೇಳಿದ್ದರೆ, "ಯಾವ ಅಪ್ಪ? ಅವನದ್ದು ಬೇರೆ ಕುಟುಂಬ ಅಲ್ವಾ ಮಾರಾಯ್ರೆ" ಅಂತ ಕೇಳುವ ಮನೆಗಳು ಬೇಕಾದಷ್ಟಿದ್ದವು.

ಅಳಿಯಕಟ್ಟು ಅಂದರೆ ಇದೇ. ಮಕ್ಕಳು ತಾಯಿಯ ಕುಟುಂಬಕ್ಕೆ ಸೇರಿದವರು, ಅಪ್ಪ ತನ್ನ ತಾಯಿಯ ಕುಟುಂಬಕ್ಕೆ. ಅಪ್ಪ ಉಯಿಲು ಬರೆಯದೆ ತೀರಿಕೊಂಡರೆ ಅವನು ದುಡಿದದ್ದು ಆಗ ಮಕ್ಕಳಿಗೆ ಬರುತ್ತಿರಲಿಲ್ಲ, ಅಕ್ಕತಂಗಿಯರ ಕಡೆಗೆ ಹೋಗುತ್ತಿತ್ತು. ಬಂಟರು, ಬಿಲ್ಲವರು, ಪುರೋಹಿತರನ್ನು ಬಿಟ್ಟರೆ ಜೈನರು, ಎಲ್ಲ ಈ ಕಟ್ಟಿನವರೇ. ಅರಸುಮನೆಗಳೂ ಅಷ್ಟೇ. ಮೂಡುಬಿದಿರೆಯ ಚೌಟರು, ವೇಣೂರಿನಲ್ಲಿ 1604ರಲ್ಲಿ ಗೊಮ್ಮಟನನ್ನು ನಿಲ್ಲಿಸಿದ ಅಜಿಲರು, ಬಂಗಾಡಿ ಮತ್ತು ನಂದಾವರದ ಬಂಗರು, ಎಲ್ಲ ಕಡೆ ಪಟ್ಟ ಏರುತ್ತಿದ್ದದ್ದು ಸೋದರಳಿಯ.

ಇದು ಶುರುವಾದ ಕತೆ ಊರಲ್ಲಿ ಎಲ್ಲರಿಗೂ ಗೊತ್ತು. ಅರಸನ ಹಡಗು ನೀರಿಗಿಳಿಯಲಿಲ್ಲ, ಕುಂಡೋದರ ಭೂತ ನರಬಲಿ ಕೇಳಿತು. ಹೆಂಡತಿ ತನ್ನ ಮಕ್ಕಳಲ್ಲಿ ಒಬ್ಬನನ್ನೂ ಕೊಡಲಿಲ್ಲ. ತಂಗಿ ತನ್ನ ಮಗನನ್ನು ಕೊಟ್ಟಳು. ಭೂತ ಹುಡುಗನನ್ನು ಉಳಿಸಿತು. ಅರಸ ತನ್ನ ಮಕ್ಕಳನ್ನು ಬಿಟ್ಟು ಆ ಅಳಿಯನಿಗೇ, ಅಂದರೆ ಭೂತಾಳ ಪಾಂಡ್ಯನಿಗೆ, ಎಲ್ಲವನ್ನೂ ಕೊಟ್ಟ. ನನಗೆ ಈ ಕತೆ ಯಾವತ್ತೂ ಸರಿ ಅನ್ನಿಸಿಲ್ಲ. ಮಗುವನ್ನು ಬಲಿ ಕೊಡಲ್ಲ ಅಂದ ತಾಯಿ ಯಾವ ತಪ್ಪು ಮಾಡಿದಳು? ಆದರೆ ಲೆಕ್ಕ ಸ್ಪಷ್ಟ ಉಂಟು: ನೀನು ನನಗೆ ಸೇರಿದವನು, ಆದ್ದರಿಂದ ನನ್ನದು ನಿನಗೆ ಸೇರಿದ್ದು.

ಫೀಸಿನ ಲೆಕ್ಕವೂ ಇದೇ ದಾರಿ ಹಿಡಿಯಿತು. ದುಡ್ಡಿನ ಪೆಟ್ಟಿಗೆ ಇದ್ದದ್ದು ಕುಟುಂಬದ ಯಜಮಾನನ ಹತ್ತಿರ, ಸಾಮಾನ್ಯವಾಗಿ ದೊಡ್ಡ ಸೋದರಮಾವ. ಯಾರು ಮಂಗಳೂರಿಗೆ ಓದಲು ಹೋಗಬೇಕು, ಯಾರು ಗದ್ದೆ ನೋಡಿಕೊಳ್ಳಬೇಕು ಅನ್ನುವುದೂ ಅವರದೇ ಮಾತು. ಅವರ ಜೊತೆ ಮುನಿಸಾದರೆ? "ನನ್ನ ಪಾಲು ಕೊಡಿ, ನಾನು ಓದಿಕೊಳ್ಳುತ್ತೇನೆ" ಅನ್ನುವ ಹಾಗಿಲ್ಲ. ಅಳಿಯಕಟ್ಟಿನ ಕುಟುಂಬದಲ್ಲಿ ಒಬ್ಬ ಸದಸ್ಯ ಒತ್ತಾಯದಿಂದ ಪಾಲು ಕೇಳುವಂತಿಲ್ಲ ಅಂತ ಮದ್ರಾಸ್ ಹೈಕೋರ್ಟ್ 1863ರಲ್ಲೇ ತೀರ್ಪು ಕೊಟ್ಟಿತ್ತು. ಮಾವನ ಮಾತು ಕೇಳಿಕೊಂಡಿರು, ಇಲ್ಲವೇ ಬರಿಗೈಯಲ್ಲಿ ಹೋಗು. ಹೆತ್ತ ಅಪ್ಪ ಪ್ರೀತಿಯಿಂದ ಏನಾದರೂ ಕೊಟ್ಟರೆ ಉಂಟು, ಹಕ್ಕಿನಿಂದ ಕೇಳಲು ಬರುವುದಿಲ್ಲ.

ಇನ್ನೊಂದು ಮನೆಯ ಕತೆ ನೋಡಿ. ಇದು ಮಕ್ಕಳಕಟ್ಟಿನ ಮನೆ, ಊರು ಮಂಗಳೂರು. ಸಾರಸ್ವತ ಬ್ರಾಹ್ಮಣರ ಹುಡುಗ ಆನಂದರಾವ್ ಕೌಂಡಿನ್ಯ ಬಾಸೆಲ್ ಮಿಷನ್ನಿನ ಇಂಗ್ಲಿಷ್ ಶಾಲೆಯಲ್ಲಿ ಓದುತ್ತಿದ್ದವರು, 1844ರಲ್ಲಿ ಕ್ರೈಸ್ತರಾದರು. ಮನೆಯ ಬಾಗಿಲು ಮುಚ್ಚಿತು, ಹೆಂಡತಿಯೂ ಜೊತೆಗೆ ಬರಲಿಲ್ಲ. ಮುಂದಿನ ಓದಿಗೆ ಅವರನ್ನು ಸ್ವಿಟ್ಜರ್ಲೆಂಡಿನ ಬಾಸೆಲಿಗೆ ಕಳಿಸಿದ್ದು ಮಿಷನ್. 1851ರಲ್ಲಿ ಪಾದ್ರಿಯಾಗಿ ವಾಪಸ್ ಬಂದು ಉಳಿದ ಆಯುಸ್ಸನ್ನೆಲ್ಲ ಮಿಷನ್ನಿನ ಕೆಲಸಕ್ಕೇ ಕೊಟ್ಟರು. ಜಾತಿ, ಮತ ಬಿಟ್ಟವರ ಆಸ್ತಿಹಕ್ಕು ಹೋಗುವುದಿಲ್ಲ ಅನ್ನುವ ಕಾನೂನು ಬಂದದ್ದು 1850ರಲ್ಲಿ. ಅವರಿಗೆ ನಿಜವಾದ ನಂಬಿಕೆ ಇತ್ತು, ಅದರಲ್ಲಿ ನನಗೆ ಅನುಮಾನ ಇಲ್ಲ. ಆದರೂ ಗಮನಿಸಿ, ಅಪ್ಪನ ಮನೆ ಕೈಬಿಟ್ಟ ಹುಡುಗನ ಓದಿಗೆ ದುಡ್ಡು ಹಾಕಿದವರ ಬಳಿಗೇ ಆ ಹುಡುಗನ ದುಡಿಮೆಯೂ ಹೋಯಿತು.

ಇದನ್ನು ಕಾನೂನಿನ ಭಾಷೆಯಲ್ಲಿ ನೇರವಾಗಿ ಹೇಳಿದ್ದು ಪಂಜಾಬಿನ ಒಂದು ಕೇಸು. ಐಸಿಎಸ್ ಅಧಿಕಾರಿಯೊಬ್ಬರು ಅವಿಭಕ್ತ ಕುಟುಂಬದ ದುಡ್ಡಲ್ಲಿ ಇಂಗ್ಲೆಂಡಿಗೆ ಹೋಗಿ ಓದಿದ್ದರು. ಹಾಗಾಗಿ ಅವರ ಸಂಪಾದನೆ ಇಡೀ ಕುಟುಂಬದ್ದು ಅಂತ 1921ರಲ್ಲಿ ಲಂಡನ್ನಿನ ಪ್ರಿವಿ ಕೌನ್ಸಿಲ್ ಹೇಳಿತು. ನಮ್ಮ ಲೆಕ್ಕದಲ್ಲಿ ಯೋಚಿಸಿ: ನಿಮ್ಮ ಬಿಇ ಫೀಸನ್ನು ಮನೆಯವರು ಕಟ್ಟಿದ್ದಾರೆ, ಆದ್ದರಿಂದ ನಿಮ್ಮ ಸಂಬಳ, ನೀವು ಕೊಂಡ ಫ್ಲ್ಯಾಟು, ಎಲ್ಲದರಲ್ಲೂ ಅಣ್ಣತಮ್ಮಂದಿರಿಗೆ ಪಾಲು. ಓದಿದವರೆಲ್ಲ ಗಾಬರಿಯಾದರು. ಮದ್ರಾಸಿನ ಭಾಷ್ಯಂ ಅಯ್ಯಂಗಾರ್ 19ನೇ ಶತಮಾನದ ಕೊನೆಯಲ್ಲೇ ಇದರ ವಿರುದ್ಧ ಮಸೂದೆ ತಂದು ಸೋತಿದ್ದರು. ಕೊನೆಗೆ 1930ರಲ್ಲಿ ಹಿಂದೂ ವಿದ್ಯಾಸಂಪಾದನೆ ಕಾಯಿದೆ ಬಂತು. ಯಾರ ದುಡ್ಡಲ್ಲಿ ಓದಿದರೂ ಆ ಓದಿನಿಂದ ಬಂದ ಸಂಪಾದನೆ ಓದಿದವನದ್ದೇ ಅಂತಾಯಿತು. ಈ ಕಾಯಿದೆಯ ಹೆಸರು ನಮ್ಮಲ್ಲಿ ಎಷ್ಟೋ ಜನ ಕೇಳಿಲ್ಲ. ಆದರೆ ತಿಂಗಳ ಕೊನೆಗೆ ಸಂಬಳದ ಮೆಸೇಜು ನಮ್ಮ ಫೋನಿಗೆ ಮಾತ್ರ ಬರುವುದಕ್ಕೆ ಅದೂ ಒಂದು ಕಾರಣ.

ನಮ್ಮ ಜಿಲ್ಲೆಯಲ್ಲಿ ಮುಂದಿನದೆಲ್ಲ ಬೇಗ ಬೇಗ ಆಯಿತು. 1949ರ ಮದ್ರಾಸ್ ಅಳಿಯಸಂತಾನ ಕಾಯಿದೆ ಮದುವೆ, ಜೀವನಾಂಶ, ಪಾಲು ಎಲ್ಲವನ್ನೂ ಹೊಸದಾಗಿ ಬರೆಯಿತು. 1974ರ ಭೂಸುಧಾರಣೆಯಲ್ಲಿ ಗೇಣಿಗೆ ಕೊಟ್ಟ ಗದ್ದೆಗಳು ಹೋದವು, ಮಾವನ ಪೆಟ್ಟಿಗೆಯೂ ಹಗುರವಾಯಿತು. ಆಮೇಲೆ ಫೀಸು ಕಟ್ಟಿದವರು ಯಾರು? ಬಂಟ್ವಾಳ, ಬೆಳ್ತಂಗಡಿಯ ಎಷ್ಟೋ ಮನೆಗಳಲ್ಲಿ ಜಗಲಿಯಲ್ಲಿ ಕೂತು ಬೀಡಿ ಕಟ್ಟಿದ ಅಮ್ಮಂದಿರು. ಉಜಿರೆಯಲ್ಲಿ ಮಂಜಯ್ಯ ಹೆಗ್ಗಡೆಯವರು 1940ರಲ್ಲಿ ಶುರುಮಾಡಿದ ಸಿದ್ಧವನ ಗುರುಕುಲದಂಥ ಕಡೆ ಅಪ್ಪನೂ ಅಲ್ಲದ, ಮಾವನೂ ಅಲ್ಲದ ಮೂರನೆಯವರು. ಬೀಡಿ ಎಲೆ ಕತ್ತರಿಸಿ ಕತ್ತರಿಸಿ ಬೆರಳು ಒರಟಾದ ಆ ಅಮ್ಮಂದಿರು ಲೆಕ್ಕ ಇಟ್ಟದ್ದು ಬೀಡಿ ಬ್ರಾಂಚಿನ ಪುಸ್ತಕದಲ್ಲಿ ಮಾತ್ರ.

ಆದರೆ ಹಳೇ ಲೆಕ್ಕ ಪೂರ್ತಿ ಸತ್ತಿಲ್ಲ. ನನ್ನ ಜೊತೆ ಬಿಇ ಓದುತ್ತಿದ್ದ ಒಬ್ಬ ಐದನೇ ಸೆಮಿಸ್ಟರಿನಲ್ಲಿ ಬೇರೆ ಜಾತಿಯ ಹುಡುಗಿಯ ವಿಷಯ ಮನೆಯಲ್ಲಿ ಹೇಳಿದ. ಆರನೆಯ ಸೆಮಿಸ್ಟರಿನ ಫೀಸು ಬರಲಿಲ್ಲ. "ನಮ್ಮ ದುಡ್ಡು ಬೇಕು, ನಮ್ಮ ಮಾತು ಬೇಡವಾ" ಅಂತ ಅವನಪ್ಪ ಕೇಳಿದರಂತೆ. ಅಪ್ಪನಿಗೆ ನೋವಾಗುತ್ತದೆ, ಒಪ್ಪುತ್ತೇನೆ. ಆದರೂ ಶುರುಮಾಡಿಸಿದ ಡಿಗ್ರಿಯನ್ನು ಮಧ್ಯದಲ್ಲಿ ನಿಲ್ಲಿಸಿ ಮಗನನ್ನು ದಾರಿಗೆ ತರುವುದು ಯಜಮಾನಿಕೆ, ಓದಿಸುವುದಲ್ಲ. ಕೈಯಲ್ಲಿ ಇದ್ದರೆ ಕಟ್ಟಬೇಕು, ಮಾತು ಬಿಟ್ಟಿದ್ದರೂ ಕಟ್ಟಬೇಕು ಅಂತಲೇ ನನ್ನ ಅಭಿಪ್ರಾಯ. ತೋಟ ಅಡವಿಟ್ಟು ಕಟ್ಟಬೇಕಾದ ಮನೆಯ ಮಾತು ಬೇರೆ.

ಸುಪ್ರೀಂ ಕೋರ್ಟಿಗೂ ಇದು ಸುಲಭವಾಗಿಲ್ಲ. ಅಪ್ಪನ ಜೊತೆ ಸಂಬಂಧವೇ ಬೇಡ ಅಂದ ಇಪ್ಪತ್ತರ ಆಸುಪಾಸಿನ ಮಗಳು ಓದಿನ ಖರ್ಚನ್ನು ಅವನಿಂದ ಕೇಳುವಂತಿಲ್ಲ ಅಂತ 2022ರ ಮಾರ್ಚಿನಲ್ಲಿ ಒಂದು ಪೀಠ ಹೇಳಿತು. ಹಾಗೆ ಹೇಳುತ್ತಲೇ, ತಾಯಿಗೆ ಮಗಳನ್ನು ಓದಿಸಲು ಆಗಬೇಕಲ್ಲ ಅಂತ ತಾಯಿಯ ಜೀವನಾಂಶ ಲೆಕ್ಕ ಹಾಕುವಾಗ ಅದನ್ನೂ ಗಮನದಲ್ಲಿಟ್ಟಿತು. 2025ರ ಜನವರಿಯಲ್ಲಿ ಬಂದ ಇನ್ನೊಂದು ಕೇಸಿನಲ್ಲಿ ಅಪ್ಪ ಅಮ್ಮ 26 ವರ್ಷದಿಂದ ದೂರ, ಮಗಳು ಐರ್ಲೆಂಡಿನಲ್ಲಿ ಓದುತ್ತಿದ್ದವಳು. ಅಪ್ಪ ಓದಿಗೆ ಅಂತ ಕೊಟ್ಟ 43 ಲಕ್ಷ ರೂಪಾಯಿಯನ್ನು ಸ್ವಾಭಿಮಾನದಿಂದ ಬೇಡ ಅಂದಳು. ಅಪ್ಪ ವಾಪಸ್ ತೆಗೆದುಕೊಳ್ಳಲಿಲ್ಲ. ಅಪ್ಪ ಅಮ್ಮನಿಂದ ಓದಿನ ಖರ್ಚು ಪಡೆಯುವುದು ಮಗಳ ಹಕ್ಕು, ಅವಳು ಆ ದುಡ್ಡನ್ನು ಇಬ್ಬರಲ್ಲಿ ಯಾರಿಗೂ ಹಿಂದಿರುಗಿಸಬೇಕಿಲ್ಲ, ತನಗೆ ಸರಿ ಕಂಡ ಹಾಗೆ ಬಳಸಬಹುದು ಅಂತ ಕೋರ್ಟು ಹೇಳಿತು.