ಮರಣದಂಡನೆ: ಧರ್ಮಸಭೆಯ ಬೋಧನೆ ಮತ್ತು ನಮ್ಮ ರಾಜ್ಯದ ಕೆಲವು ಪ್ರಕರಣಗಳು

ಮರಣದಂಡನೆಯ ವಿಷಯ ಬಂದಾಗಲೆಲ್ಲ ನಮ್ಮ ವಾರ್ಡ್ ಸಭೆಗಳಲ್ಲಿ ಕೇಳಿಬರುವ ಪ್ರಶ್ನೆ ಒಂದೇ: "ನಿಮ್ಮ ಮನೆಯವರಿಗೇ ಹೀಗಾಗಿದ್ದರೆ?" ಈ ಪ್ರಶ್ನೆಯನ್ನು ಬದಿಗೆ ಸರಿಸಿ ಬೋಧನೆಯನ್ನಷ್ಟೇ ಹೇಳಿದರೆ ಕೇಳುವವರ ಮನಸ್ಸಿಗೆ ಅದು ತಲುಪುವುದಿಲ್ಲ. ಆದುದರಿಂದ ತಪ್ಪಾಗಿ ಶಿಕ್ಷೆಗೊಳಗಾದ ನಿರಪರಾಧಿಯ ಉದಾಹರಣೆಯನ್ನು ನಾವಿಲ್ಲಿ ಆರಿಸಿಕೊಂಡಿಲ್ಲ. ಅಪರಾಧ ರುಜುವಾತಾದ, ಯಾರ ಅನುಕಂಪವೂ ಸಿಗದ ವ್ಯಕ್ತಿಯೊಬ್ಬನ ಪ್ರಕರಣವನ್ನೇ ತೆಗೆದುಕೊಂಡಿದ್ದೇವೆ.

ಬೆಂಗಳೂರಿನ ಉತ್ತರ ಭಾಗದಲ್ಲಿ, ಸಂಜಯನಗರ, ಹೆಬ್ಬಾಳ, ಯಶವಂತಪುರದ ಕಡೆ, ನಮ್ಮ ಕರಾವಳಿಯ ಅನೇಕ ಕುಟುಂಬಗಳು ಕೆಲಸದ ನಿಮಿತ್ತ ನೆಲೆಸಿವೆ. 1990ರ ದಶಕದ ಕೊನೆಯಲ್ಲಿ ಅಲ್ಲಿದ್ದವರಿಗೆ ಉಮೇಶ್ ರೆಡ್ಡಿಯ ಹೆಸರು ನೆನಪಿರಬಹುದು. 1998ರ ಫೆಬ್ರವರಿ 28ರಂದು ಪೀಣ್ಯ ಪೊಲೀಸ್ ಠಾಣೆಯ ವ್ಯಾಪ್ತಿಯಲ್ಲಿ ಪುಟ್ಟ ಮಗನೊಡನೆ ವಾಸವಾಗಿದ್ದ ವಿಧವೆಯೊಬ್ಬರ ಮೇಲೆ ಆತ ಅತ್ಯಾಚಾರ ಎಸಗಿ ಕೊಂದನು. ಮನೆಗೆ ಬಂದ ಮಗುವಿಗೆ, ನಿನ್ನ ತಾಯಿಗೆ ದೆವ್ವ ಹಿಡಿದಿದೆ, ವೈದ್ಯರನ್ನು ಕರೆತರುತ್ತೇನೆ ಎಂದು ಹೇಳಿ ಹೊರಟುಹೋದನು. ಆ ಮಗುವಿನ ಮಾತೇ ಮುಂದೆ ನ್ಯಾಯಾಲಯದಲ್ಲಿ ಸಾಕ್ಷ್ಯವಾಯಿತು.

2006ರಲ್ಲಿ ಸೆಷನ್ಸ್ ನ್ಯಾಯಾಲಯ ಮರಣದಂಡನೆ ವಿಧಿಸಿತು. ಹೈಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಅಪರಾಧದ ಬಗ್ಗೆ ಒಮ್ಮತ ಹೊಂದಿದ್ದರು, ಶಿಕ್ಷೆಯ ಬಗ್ಗೆ ಅಲ್ಲ. ಒಬ್ಬರು ಗಲ್ಲು ಎಂದರು, ಇನ್ನೊಬ್ಬರು ಜೀವಾವಧಿ ಎಂದರು. ಮೂರನೆಯವರು ಗಲ್ಲಿನ ಪರವಾಗಿ ತೀರ್ಪು ಕೊಟ್ಟರು. 1980ರ ಬಚ್ಚನ್ ಸಿಂಗ್ ತೀರ್ಪಿನಿಂದೀಚೆಗೆ 'ಅಪರೂಪದಲ್ಲಿ ಅಪರೂಪದ' ಪ್ರಕರಣಗಳಿಗೆ ಮಾತ್ರ ಈ ಶಿಕ್ಷೆ ಎಂಬ ನಿಯಮವಿದೆ. ಆದರೆ ಅದೇ ಕಡತವನ್ನು ಓದಿದ ಇಬ್ಬರು ಅನುಭವಿಗಳಿಗೇ ಅದು ಬೇರೆಬೇರೆಯಾಗಿ ಕಂಡಿತು ಎಂಬುದನ್ನು ಓದುಗರು ಗಮನಿಸಬೇಕು.

2011ರಲ್ಲಿ ಸುಪ್ರೀಂ ಕೋರ್ಟ್ ಶಿಕ್ಷೆಯನ್ನು ಎತ್ತಿಹಿಡಿಯಿತು. 2013ರಲ್ಲಿ ರಾಷ್ಟ್ರಪತಿಗಳು ಕ್ಷಮಾದಾನ ಅರ್ಜಿಯನ್ನು ತಿರಸ್ಕರಿಸಿದರು. ಆದರೂ 2022ರ ನವೆಂಬರ್ 4ರಂದು ಅದೇ ಸುಪ್ರೀಂ ಕೋರ್ಟ್ ಗಲ್ಲನ್ನು ರದ್ದುಪಡಿಸಿ, ಕನಿಷ್ಠ 30 ವರ್ಷಗಳ ಸೆರೆವಾಸಕ್ಕೆ ಇಳಿಸಿತು. ಅಪರಾಧ ಸಣ್ಣದು ಎಂಬ ಕಾರಣಕ್ಕಲ್ಲ. ಬೆಳಗಾವಿಯ ಹಿಂಡಲಗಾ ಜೈಲಿನಲ್ಲಿ ಆತನನ್ನು ಸುಮಾರು ಹತ್ತು ವರ್ಷ ಒಂಟಿ ಸೆರೆಯಲ್ಲಿ ಇಡಲಾಗಿತ್ತು. ಮೇಲ್ಮನವಿ, ಕ್ಷಮಾದಾನ ಎಲ್ಲ ಮುಗಿಯುವ ಮೊದಲು ಹಾಗೆ ಇಡುವಂತಿಲ್ಲ ಎಂದು 1978ರ ಸುನಿಲ್ ಬಾತ್ರಾ ತೀರ್ಪಿನಲ್ಲೇ ಹೇಳಲಾಗಿತ್ತು. ಸರಕಾರ ತನ್ನ ಕಾನೂನನ್ನು ತಾನೇ ಮೀರಿತ್ತು.

ಇನ್ನು ಧರ್ಮಸಭೆಯ ಬೋಧನೆ. ಧರ್ಮಸಭೆ ಮೊದಲಿನಿಂದಲೂ ಈ ಶಿಕ್ಷೆಯನ್ನು ವಿರೋಧಿಸುತ್ತಾ ಬಂದಿದೆ ಎಂದು ಕೆಲವರು ಹೇಳುವುದುಂಟು, ಅದು ಸರಿಯಲ್ಲ. ಸಂತ ಪೌಲನು ರೋಮನರಿಗೆ ಬರೆದ ಪತ್ರದ 13ನೇ ಅಧ್ಯಾಯದ ಆಧಾರದಲ್ಲಿ ಶತಮಾನಗಳ ಕಾಲ ಇದನ್ನು ಸಮರ್ಥಿಸಲಾಯಿತು. ಪೋಪರ ಆಡಳಿತದ ರಾಜ್ಯಗಳಲ್ಲಿ 1870ರ ತನಕ ಅದು ಜಾರಿಯಲ್ಲಿತ್ತು. ವ್ಯಾಟಿಕನ್ ನಗರದ ಕಾನೂನಿನಿಂದ ಅದನ್ನು ತೆಗೆದದ್ದು 1969ರಲ್ಲಿ. ಕೊಲೆಗಾರ ಕಾಯಿನನನ್ನು ಯಾರೂ ಕೊಲ್ಲದಂತೆ ದೇವರು ಗುರುತು ಹಾಕಿದ ಪ್ರಸಂಗವೂ ಅದೇ ಬೈಬಲ್‌ನಲ್ಲಿತ್ತು, ಆದರೆ ಅದರ ಕಡೆಗೆ ಗಮನ ಹರಿದದ್ದು ತಡವಾಗಿ. 1995ರಲ್ಲಿ ಪೋಪ್ ದ್ವಿತೀಯ ಜಾನ್ ಪೌಲರು ತಮ್ಮ ವಿಶ್ವಪತ್ರದಲ್ಲಿ, ಸಮಾಜವನ್ನು ರಕ್ಷಿಸಲು ಬೇರೆ ದಾರಿಯೇ ಇಲ್ಲದಿರುವಂಥ ಸಂದರ್ಭಗಳು ಈಗ ಇಲ್ಲವೆನ್ನುವಷ್ಟು ವಿರಳ ಎಂದು ಬೋಧಿಸಿದರು. 2018ರ ಆಗಸ್ಟಿನಲ್ಲಿ ಪೋಪ್ ಫ್ರಾನ್ಸಿಸರು ಕ್ಯಾಟಕಿಸಮ್‌ನ 2267ನೇ ಪರಿಚ್ಛೇದವನ್ನೇ ತಿದ್ದಿಸಿ, ಈ ಶಿಕ್ಷೆ ಸ್ವೀಕಾರಾರ್ಹವಲ್ಲ ಎಂದು ಸೇರಿಸಿದರು. ಅಲ್ಲಿ ಕೊಟ್ಟಿರುವ ಕಾರಣಗಳಲ್ಲಿ ಮುಖ್ಯವಾದವು ಎರಡು: ಘೋರ ಅಪರಾಧದ ನಂತರವೂ ಮನುಷ್ಯನ ಘನತೆ ಅಳಿಯುವುದಿಲ್ಲ, ಜನರನ್ನು ರಕ್ಷಿಸಬಲ್ಲ ಸೆರೆವಾಸದ ವ್ಯವಸ್ಥೆ ಈಗ ಇದೆ.

ಎರಡನೆಯ ಕಾರಣಕ್ಕೆ ನಮ್ಮ ರಾಜ್ಯದ್ದೇ ಒಂದು ಆಧಾರವಿದೆ. ಬೆಂಗಳೂರಿನಲ್ಲಿ ಪತ್ನಿಯನ್ನು ಕೊಂದು ಮನೆಯ ಆವರಣದಲ್ಲೇ ಹೂತಿದ್ದ ಸ್ವಾಮಿ ಶ್ರದ್ಧಾನಂದನ ಪ್ರಕರಣದಲ್ಲಿ, 2008ರಲ್ಲಿ ಸುಪ್ರೀಂ ಕೋರ್ಟ್ ಗಲ್ಲಿನ ಬದಲು ಸಾಯುವ ತನಕ ಬಿಡುಗಡೆಯಿಲ್ಲದ ಸೆರೆವಾಸ ವಿಧಿಸಿತು. ಹದಿನಾಲ್ಕು ವರ್ಷಕ್ಕೆ ಹೊರಬರುತ್ತಾನೆ, ಆದ್ದರಿಂದ ಗಲ್ಲೇ ಆಗಬೇಕು ಎಂಬ ವಾದಕ್ಕೆ ಅಂದಿನಿಂದ ಬಲ ಕಡಿಮೆಯಾಯಿತು.

ಆದರೆ ಈ ಕಾರಣ ನಿಲ್ಲಬೇಕಾದರೆ ಜೈಲು ಜೈಲಾಗಿರಬೇಕು. 2025ರ ನವೆಂಬರಿನಲ್ಲಿ ಇದೇ ಉಮೇಶ್ ರೆಡ್ಡಿ ಪರಪ್ಪನ ಅಗ್ರಹಾರ ಕಾರಾಗೃಹದೊಳಗೆ ಮೊಬೈಲ್ ಬಳಸುತ್ತಿರುವ ದೃಶ್ಯಗಳು ಸುದ್ದಿವಾಹಿನಿಗಳಲ್ಲಿ ಬಂದವು. ಅದನ್ನು ನೋಡಿದ ತಾಯಂದಿರು ಗಲ್ಲಿಗೇರಿಸಿದ್ದರೆ ಚೆನ್ನಾಗಿತ್ತು ಎಂದರೆ ಅವರನ್ನು ಕಠಿಣ ಹೃದಯದವರು ಎನ್ನಲು ನಮಗೆ ಮನಸ್ಸು ಬಾರದು. ಬೋಧನೆಯನ್ನು ನಂಬುವವರೇ ಇಂಥ ಸಡಿಲತೆಯನ್ನು ಎಲ್ಲರಿಗಿಂತ ಗಟ್ಟಿಯಾಗಿ ಪ್ರಶ್ನಿಸಬೇಕು ಎಂಬುದು ನಮ್ಮ ಅಭಿಪ್ರಾಯ.

ಕರಾವಳಿಯವರಿಗೆ ಇನ್ನೂ ಹತ್ತಿರದ್ದು ಮಂಗಳೂರಿನ ವಾಮಂಜೂರು ಪ್ರಕರಣ. 1994ರಲ್ಲಿ ಒಂದೇ ಮನೆಯ ನಾಲ್ವರನ್ನು ಕೊಂದವನು ಆ ಮನೆಯ ಸಂಬಂಧಿಯೇ ಆಗಿದ್ದನು. ಕ್ಷಮಾದಾನ ಅರ್ಜಿಯ ವಿಲೇವಾರಿ ವಿಳಂಬವಾಯಿತೆಂದು 2014ರ ಜನವರಿ 21ರಂದು ಸುಪ್ರೀಂ ಕೋರ್ಟ್ ಅವನ ಗಲ್ಲನ್ನು ಜೀವಾವಧಿಗೆ ಇಳಿಸಿತು. ವೀರಪ್ಪನ್‌ನ ನಾಲ್ವರು ಸಹಚರರಿಗೂ ಅದೇ ತೀರ್ಪಿನಲ್ಲಿ ಜೀವ ಉಳಿಯಿತು. ಸನ್ನಡತೆಯ ಆಧಾರದಲ್ಲಿ ವಾಮಂಜೂರಿನ ಅಪರಾಧಿಯ ಬಿಡುಗಡೆಯ ಮಾತು 2022ರಲ್ಲಿ ಬಂದಾಗ, ಸತ್ತವರ ಬಂಧುಗಳು ಭಯಗೊಂಡು ಅದನ್ನು ವಿರೋಧಿಸಿದರು. ಗಲ್ಲು ಬೇಡ ಎಂದ ಮಾತ್ರಕ್ಕೆ ಅವರ ಭಯದ ಹೊಣೆ ನಮ್ಮಿಂದ ಕಳಚಿಹೋಗುವುದಿಲ್ಲ.

ಸೆರೆಯಲ್ಲಿರುವವರನ್ನು ಭೇಟಿಮಾಡಲು ನಮ್ಮಲ್ಲಿ ಪ್ರಿಸನ್ ಮಿನಿಸ್ಟ್ರಿ ಇಂಡಿಯಾ ಎಂಬ ವ್ಯವಸ್ಥೆಯಿದೆ. ಕೊಲೆಯಾದವರ ಮನೆಗೆ ಮಾತ್ರ ಸಾಮಾನ್ಯವಾಗಿ ಒಂದು ಸಾಂತ್ವನದ ಭೇಟಿ, ತಿಂಗಳ ಪೂಜೆ, ಅಷ್ಟಕ್ಕೇ ಮುಗಿಯುತ್ತದೆ. ಸಂತ್ರಸ್ತರಿಗೆ ಪರಿಹಾರ ನೀಡುವ ಯೋಜನೆಯನ್ನು 2009ರಿಂದ ಕಾನೂನಿನಲ್ಲೇ ಅಳವಡಿಸಲಾಗಿದೆ. ಹೊಸ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಅದು 396ನೇ ಕಲಮು. ಅಪರಾಧಿ ಪತ್ತೆಯಾಗದಿದ್ದರೂ ಅರ್ಜಿ ಹಾಕಬಹುದು. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಚೇರಿಗೆ ಆ ಮನೆಯವರೊಡನೆ ಹೋಗಿ ಅರ್ಜಿ ಬರೆದುಕೊಡುವ ಕೆಲಸವನ್ನು ವಾರ್ಡಿನ ಗುರಿಕಾರರೋ ಸಂತ ವಿನ್ಸೆಂಟ್ ಪಾವ್ಲ್ ಸಭೆಯ ಸದಸ್ಯರೋ ವಹಿಸಿಕೊಳ್ಳಬಹುದು.