ಇಲ್ಲಿಂದ ಅಲ್ಲಿಗೆ ಹೋದವರು

ನಾವಿಬ್ಬರೂ ಡಬ್ಲಿನ್‌ಗೆ ಬಂದಿಳಿದಾಗ, ನಮ್ಮೂರಿಗೂ ಈ ಊರಿಗೂ ಏನು ನಂಟು ಅನ್ನಿಸಿತ್ತು. ಆಮೇಲೆ ಕಸಿನ್ಸ್ ದಂಪತಿಯ ಕಥೆ ಓದಿದೆ.

ಜೇಮ್ಸ್ ಬೆಲ್‌ಫಾಸ್ಟ್‌ನವರು, ಮಾರ್ಗರೆಟ್ ರಾಸ್‌ಕಾಮನ್ ಕೌಂಟಿಯವರು. 1903ರಲ್ಲಿ ಮದುವೆಯಾಗಿ ಇಲ್ಲೇ ಸ್ಯಾಂಡಿಮೌಂಟ್‌ನಲ್ಲಿ ಸಂಸಾರ ಹೂಡಿದರು. 1908ರಲ್ಲಿ ಮಹಿಳೆಯರ ಮತದಾನದ ಹಕ್ಕಿಗಾಗಿ ಸಂಘ ಕಟ್ಟಿದವರಲ್ಲಿ ಮಾರ್ಗರೆಟ್ ಒಬ್ಬರು. 1915ರಲ್ಲಿ ಇಬ್ಬರೂ ಮದ್ರಾಸಿಗೆ ಹೋದರು. ಅಲ್ಲಿ ಆನಿ ಬೆಸೆಂಟರ 'ನ್ಯೂ ಇಂಡಿಯಾ' ಪತ್ರಿಕೆಯಲ್ಲಿ ಜೇಮ್ಸ್‌ಗೆ ಕೆಲಸ. ಮರುವರ್ಷ ಡಬ್ಲಿನ್‌ನ ಈಸ್ಟರ್ ದಂಗೆಯನ್ನು ಮೆಚ್ಚಿ ಬರೆದದ್ದಕ್ಕೆ ಆ ಕೆಲಸ ಹೋಯಿತು.

ಪರದೇಶದಲ್ಲಿ ಕೆಲಸ ಹೋದರೆ ಹೇಗಿರುತ್ತೆ ಅಂತ ಪರ್ಮಿಟ್ ಮೇಲಿರೋ ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಅವರು ವಾಪಸ್ ಹೊರಡಲಿಲ್ಲ. ಜೇಮ್ಸ್ ಮದನಪಲ್ಲಿಯ ಕಾಲೇಜಿನಲ್ಲಿ ಮೇಷ್ಟ್ರಾದರು. 1919ರಲ್ಲಿ ಟಾಗೋರರು ಅಲ್ಲಿಗೆ ಬಂದಾಗ 'ಜನಗಣಮನ'ದ ಧಾಟಿಗೆ ಸ್ವರಲಿಪಿ ಬರೆದಿಟ್ಟದ್ದು ಮಾರ್ಗರೆಟ್.

1924ರಲ್ಲಿ ಮೈಸೂರಿನಲ್ಲಿ ತನ್ನ ಇಂಗ್ಲಿಷ್ ಕವನಗಳನ್ನು ತೋರಿಸಲು ಬಂದ ವಿದ್ಯಾರ್ಥಿಯೊಬ್ಬನಿಗೆ, ನಿನ್ನ ಭಾಷೆಯಲ್ಲೇ ಬರಿ ಎಂಬ ಬುದ್ಧಿಮಾತು ಹೇಳಿದವರು ಇದೇ ಜೇಮ್ಸ್. ಆ ಹುಡುಗನೇ ಕುವೆಂಪು.

ನಮ್ಮ ಮಗಳು ಈಗ ಮನೆಯಲ್ಲೂ ಇಂಗ್ಲಿಷಿನಲ್ಲೇ ಉತ್ತರ ಕೊಡ್ತಾಳೆ. ಆಗೆಲ್ಲ ನನ್ನವಳು ಕೇಳ್ತಾಳೆ: "ಕನ್ನಡದಲ್ಲಿ ಬರಿ ಅಂತ ನಮಗೆ ಹೇಳೋಕೆ ಐರ್ಲೆಂಡಿನವರೇ ಬರಬೇಕಾ?"