ಶಾಸನದ ಫೋಟೊಕ್ಕೆ ಲೆನ್ಸ್ ಹುಡ್ ಬೇಕೇ?

ಶಾಸನ ಹುಡುಕಿಕೊಂಡು ಹೋಗುವ ನಮ್ಮ ಗೆಳೆಯರ ಬಳಗದಲ್ಲಿ ಪದೇ ಪದೇ ಏಳುವ ಪ್ರಶ್ನೆ ಇದು: ಕಲ್ಲಿನ ಫೋಟೊ ತೆಗೆಯುವಾಗ ಲೆನ್ಸ್ ಹುಡ್ ಹಾಕಬೇಕೋ ಬೇಡವೋ? ಕೆಲವರು ಕ್ಯಾಮರಾ ಕೊಂಡ ದಿನದಿಂದ ಅದನ್ನು ತೆಗೆದೇ ಇಲ್ಲ. ಇನ್ನು ಕೆಲವರು ಅದನ್ನು ಉಲ್ಟಾ ಸಿಕ್ಕಿಸಿಕೊಂಡು ಊರೂರು ತಿರುಗುತ್ತಾರೆ. ಹಾಗಿದ್ದ ಮೇಲೆ ಅದು ಚೀಲದಲ್ಲಿದ್ದರೂ ಅಷ್ಟೇ. ನಾನು ವೃತ್ತಿಯಿಂದ ಎಂಜಿನಿಯರ್, ಹಳಗನ್ನಡ ಲಿಪಿಯನ್ನು ಪುಸ್ತಕ ಎದುರಿಗಿಟ್ಟುಕೊಂಡು ತಾನೇ ಕಲಿತವನು. ಹಾಗಾಗಿ ಈ ಪ್ರಶ್ನೆಯನ್ನು ಬೆಳಕಿನ ಲೆಕ್ಕದಿಂದಲೂ, ಓದಿನ ಲೆಕ್ಕದಿಂದಲೂ ನೋಡುವ ಅಭ್ಯಾಸ ನನಗಿದೆ. ಎರಡೂ ಕಡೆಯಿಂದ ಬರುವ ಉತ್ತರ ಒಂದೇ: ಹುಡ್ ಬೇಕೋ ಬೇಡವೋ ಅನ್ನೋದನ್ನು ಬೆಳಕು ಬರುವ ದಿಕ್ಕು ಹೇಳುತ್ತದೆ.

ಕಲ್ಲಿನ ಮೇಲಿನ ಅಕ್ಷರಕ್ಕೆ ತನ್ನದೇ ಬಣ್ಣ ಇಲ್ಲ. ಕಾಗದದ ಮೇಲಿನ ಮಸಿಯ ಹಾಗೆ ಅದು ಕಪ್ಪಗಿರುವುದಿಲ್ಲ. ಕೊರೆದ ಗೆರೆಯ ಅಂಚಿನಲ್ಲಿ ಬೀಳುವ ನೆರಳೇ ಅಕ್ಷರ. ಬಿಸಿಲು ನೆಟ್ಟಗೆ ಬಿದ್ದರೆ ನೆರಳೇ ಇಲ್ಲ, ಅಕ್ಷರವೂ ಇಲ್ಲ. ಬಿಸಿಲು ಕಲ್ಲಿನ ಮೈಯನ್ನು ಸವರಿಕೊಂಡು ಪಕ್ಕದಿಂದಲೋ ಮೇಲಿನಿಂದಲೋ ಬಂದಾಗ ಮಾತ್ರ ಸವೆದ ಸಾಲುಗಳು ಎದ್ದು ಬರುತ್ತವೆ. ಆದರೆ ಬೆಳಕು ಹೀಗೆ ಅಡ್ಡಲಾದಾಗಲೇ ಅದು ಲೆನ್ಸಿನ ಗಾಜಿಗೂ ಬಡಿಯುವ ಸಾಧ್ಯತೆ ಹೆಚ್ಚು. ಸೂರ್ಯ ಕಲ್ಲಿನ ಸಮತಲದಿಂದ ಸ್ವಲ್ಪ ಹಿಂದಕ್ಕೆ ಸರಿದರೆ ಸಾಕು, ಇಲ್ಲವೇ ಎತ್ತರದ ಕಲ್ಲಿಗಾಗಿ ಕ್ಯಾಮರಾ ಮೇಲಕ್ಕೆತ್ತಿದರೆ ಸಾಕು, ಕಿರಣ ಗಾಜಿನೊಳಗೆ ಇಳಿಯುತ್ತದೆ. ಅಕ್ಷರವನ್ನು ಕಾಣಿಸುವ ಬೆಳಕೇ ಅಕ್ಷರವನ್ನು ಅಳಿಸುವ ಬೆಳಕೂ ಆಗುತ್ತದೆ.

ಇದರ ಲೆಕ್ಕ ಸರಳ. ಕಲ್ಲಿನ ಮೈಯ ಹೊಳಪು 100, ಅಕ್ಷರದ ನೆರಳಿನ ಹೊಳಪು 80 ಅಂತ ಇಟ್ಟುಕೊಳ್ಳಿ. ವ್ಯತ್ಯಾಸ 20, ಅಂದ್ರೆ ಶೇ. 20. ಲೆನ್ಸಿನೊಳಗೆ ಚದುರಿದ ಬೆಳಕು ಇಡೀ ಚಿತ್ರದ ಮೇಲೆ 50ರಷ್ಟು ಹರಡಿತು ಅನ್ನಿ. ಈಗ ಮೈ 150, ನೆರಳು 130. ವ್ಯತ್ಯಾಸ ಅದೇ 20 ಇದ್ದರೂ ಪ್ರಮಾಣ ಶೇ. 13ಕ್ಕೆ ಇಳಿಯಿತು. ಆಳವಾದ ಅಕ್ಷರ ಇದನ್ನು ತಡೆದುಕೊಳ್ಳುತ್ತದೆ. ಮೊದಲೇ ಸವೆದು ವ್ಯತ್ಯಾಸ ಎರಡೋ ಮೂರೋ ಉಳಿದಿರುವ ಅಕ್ಷರ ತಡೆಯೋದಿಲ್ಲ. ಆಮೇಲೆ ಕಂಪ್ಯೂಟರಿನಲ್ಲಿ ಕಾಂಟ್ರಾಸ್ಟ್ ಏರಿಸಿದರೆ ಅಕ್ಷರದ ಜೊತೆಗೆ ಚಿತ್ರದ ಕಾಳೂ ಏರುತ್ತದೆ.

ಹಳಬರಿಗೆ ಈ ತೊಂದರೆ ಇನ್ನೂ ಹೆಚ್ಚಿತ್ತು. ಬಾಂಬೆ ಸರ್ಕಾರ 1855ರಲ್ಲಿ ಫಿರಂಗಿ ದಳದ ಕ್ಯಾಪ್ಟನ್ ಥಾಮಸ್ ಬಿಗ್ಸ್ ಅವರನ್ನು ಫೋಟೊ ತೆಗೆಯಲಿಕ್ಕೆ ನಮ್ಮ ಸೀಮೆಗೆ ಕಳಿಸಿತು. ವಿಜಾಪುರ, ಬಾದಾಮಿ, ಐಹೊಳೆ, ಪಟ್ಟದಕಲ್ಲುಗಳನ್ನು ಅವರು ಕಾಗದದ ನೆಗೆಟಿವ್ ಮೇಲೆ ಹಿಡಿದರು. ಅವರ ನಂತರ ಡಾ. ಪಿಗೌ ಆ ಕೆಲಸ ಮುಂದುವರಿಸಿದರು. ಆ ಕಾಲದ ಲೆನ್ಸಿಗೆ ಯಾವ ಲೇಪವೂ ಇರಲಿಲ್ಲ. ಲೇಪವಿಲ್ಲದ ಗಾಜಿನ ಪ್ರತಿ ಮೈಯೂ ತನಗೆ ಬಿದ್ದ ಬೆಳಕಿನಲ್ಲಿ ಸುಮಾರು ಶೇ. 4ರಷ್ಟನ್ನು ಹಿಂದಕ್ಕೆ ಎಸೆಯುತ್ತದೆ. ಅದರಲ್ಲಿ ಒಂದಿಷ್ಟು ಒಳಗೇ ಪುಟಿದು ಚಿತ್ರದ ಮೇಲೆ ಮಂಜಿನಂತೆ ಕೂರುತ್ತದೆ. ಝೈಸ್ ಕಂಪನಿಯ ಅಲೆಕ್ಸಾಂಡರ್ ಸ್ಮಕುಲಾ ಇದನ್ನು ತಗ್ಗಿಸುವ ಲೇಪಕ್ಕೆ ಪೇಟೆಂಟ್ ಪಡೆದದ್ದು 1935ರಲ್ಲಿ. ಇವತ್ತಿನ ಲೆನ್ಸುಗಳಲ್ಲಿ ಲೇಪ ಚೆನ್ನಾಗಿದೆ, ಆದರೆ ಗಾಜುಗಳ ಸಂಖ್ಯೆಯೂ ಹೆಚ್ಚಿದೆ. ಮುಂದಿನ ಗಾಜಿನ ಮೇಲೆ ಧೂಳು, ಬೆರಳಚ್ಚು ಕೂತರೆ ಲೇಪದ ಲಾಭ ಅರ್ಧ ಹೋದಂತೆಯೇ.

ಫೋಟೊ ಕೆಟ್ಟರೆ ಪಡಿಯಚ್ಚು ಇದ್ದೇ ಇದೆಯಲ್ಲ ಅನ್ನಬಹುದು. ಇತಿಹಾಸ ನೋಡಿದರೆ ಅಷ್ಟು ನಿರಾಳವಾಗಿರಲಾಗದು. ಮದ್ರಾಸ್ ಸೈನ್ಯದ ಮೇಜರ್ ಡಿಕ್ಸನ್ 1865ರಲ್ಲಿ ಮೈಸೂರು ಸಂಸ್ಥಾನದ ಸುಮಾರು 150 ಶಾಸನಗಳ ಫೋಟೊ ತೆಗೆದರು. ಬಿ. ಎಲ್. ರೈಸ್ ಅವರು 1879ರಲ್ಲಿ ಪ್ರಕಟಿಸಿದ 'ಮೈಸೂರ್ ಇನ್‌ಸ್ಕ್ರಿಪ್ಷನ್ಸ್' ಮುಖ್ಯವಾಗಿ ಆ ಫೋಟೊಗಳನ್ನು ಆಧರಿಸಿ ಓದಿದ್ದು. ಅಂದ್ರೆ ಓದುಗ ಮತ್ತು ಕಲ್ಲಿನ ನಡುವೆ ಇದ್ದದ್ದು ಒಂದು ಲೆನ್ಸ್ ಮಾತ್ರ. ಲೆನ್ಸು ಕಂಡದ್ದಷ್ಟೇ ಪಾಠ. ಇವತ್ತು ನಾವು ಹಳ್ಳಿಯಿಂದ ಫೋಟೊ ಕಳಿಸಿ, ಬಲ್ಲವರು ಧಾರವಾಡದಲ್ಲೋ ಮೈಸೂರಿನಲ್ಲೋ ಕೂತು ಓದುವಾಗ ನಡೆಯುವುದೂ ಇದೇ.

ದಿಕ್ಕಿನ ಮಾತಿಗೆ ಐಹೊಳೆಯ ಮೇಗುತಿ ಒಳ್ಳೆಯ ಪಾಠ. ರವಿಕೀರ್ತಿ ರಚಿಸಿದ, ಶಕ 556ರ (ಕ್ರಿ.ಶ. 634-35) ಇಮ್ಮಡಿ ಪುಲಕೇಶಿಯ ಪ್ರಶಸ್ತಿ ಇರುವುದು ಬಸದಿಯ ಪೂರ್ವದ ಹೊರಗೋಡೆಯಲ್ಲಿ. ಬೆಳಿಗ್ಗೆ ಹೋದರೆ ಬಿಸಿಲು ಗೋಡೆಗೆ ನೆಟ್ಟಗೆ ಬೀಳುತ್ತದೆ. ಸೂರ್ಯ ನಿಮ್ಮ ಬೆನ್ನಿಗಿರುತ್ತಾನೆ, ಹುಡ್‌ಗೆ ಕೆಲಸವಿಲ್ಲ, ಆದರೆ ಅಕ್ಷರವೂ ಚಪ್ಪಟೆ. ಮಧ್ಯಾಹ್ನ ಸಮೀಪಿಸಿದಂತೆ ಬಿಸಿಲು ಗೋಡೆಯನ್ನು ಸವರತೊಡಗುತ್ತದೆ. ಓದಲು ಒಳ್ಳೆಯ ಹೊತ್ತು ಅದು, ಬಹಳ ಹೊತ್ತು ನಿಲ್ಲುವುದೂ ಇಲ್ಲ. ಆಗ ಹುಡ್ ಹಾಕಿರಿ. ಮಧ್ಯಾಹ್ನ ದಾಟಿದ ಮೇಲೆ ಗೋಡೆ ನೆರಳಿಗೆ ಬೀಳುತ್ತದೆ, ಸೂರ್ಯ ಬಸದಿಯ ಮೇಲಿನಿಂದ ನಿಮ್ಮ ಮುಖಕ್ಕೇ ಹೊಡೆಯುತ್ತಾನೆ. ಸೂರ್ಯ ಚೌಕಟ್ಟಿನ ಹೊರಗಿದ್ದರೆ ಹುಡ್ ಕಾಪಾಡೀತು. ಒಳಗೇ ಬಂದರೆ ಯಾವ ಹುಡ್ಡೂ ಕಾಪಾಡದು.

ನಮ್ಮ ಹುನ್ನೂರ ಕಡೆಯ ಸುತ್ತಾಟದಲ್ಲಿ, ಅಂದ್ರೆ ಜಮಖಂಡಿ, ಮುಧೋಳ, ಬೀಳಗಿ ಭಾಗದ ಹಳ್ಳಿಗಳಲ್ಲಿ, ಕಲ್ಲು ಹೆಚ್ಚಾಗಿ ನಿಂತಿರುವುದು ಗುಡಿಯ ಅಂಗಳದಲ್ಲಿ, ಇಲ್ಲವೇ ಹೊಲದ ಬದುವಿನಲ್ಲಿ. ಪಕ್ಕದಲ್ಲಿ ಸುಣ್ಣ ಬಳಿದ ಗೋಡೆ ಇದ್ದರೆ ಅದೇ ಎರಡನೇ ಸೂರ್ಯ. ಒಮ್ಮೆ ಹೊಲದಲ್ಲಿ ಹುಡ್ ಸಿಕ್ಕಿಸುತ್ತಿದ್ದಾಗ ಒಬ್ಬ ಹಿರಿಯರು ಕೇಳಿದರು, "ಏನ್ರೀ ಸಾಹೇಬ್ರ, ಕ್ಯಾಮರಾಕ್ಕೂ ಟೊಪ್ಪಿಗಿ ಹಾಕ್ತೀರೇನ್ರಿ?" ನಾನು, "ಹೌದ್ರೀ ಅಜ್ಜಾರ, ನೀವು ದೂರದ ದನ ನೋಡಾಗ ಹಣಿಗೆ ಕೈ ಹಿಡೀತೀರಲ್ಲ, ಹಂಗ ಇದು" ಅಂದೆ. ಅವರಿಗೆ ತಕ್ಷಣ ತಿಳೀತು. ಹುಡ್ ಮಾಡುವುದು ಅದನ್ನೇ. ಮೊಬೈಲಿನಲ್ಲಿ ತೆಗೆಯುವವರಿಗೂ ಇದೇ ಉಪಾಯ. ಸ್ಕ್ರೀನ್ ನೋಡುತ್ತಾ ಸೂರ್ಯನಿಗೂ ಲೆನ್ಸಿಗೂ ನಡುವೆ ಅಂಗೈ ಅಡ್ಡ ಹಿಡಿಯಿರಿ, ಬೆರಳು ಚೌಕಟ್ಟಿನೊಳಗೆ ಬಾರದಂತೆ. ಅಕ್ಷರದ ಕಪ್ಪು ಗಾಢವಾಯಿತೇ? ಹಾಗಾದರೆ ಹುಡ್ ಬೇಕು. ಏನೂ ಬದಲಾಗಲಿಲ್ಲವೇ? ಬೇಡ. ಇದಕ್ಕಿಂತ ದೊಡ್ಡ ಪರೀಕ್ಷೆ ಬೇಕಿಲ್ಲ.

ಈಗ ತೆಗೆದಿಡಬೇಕಾದ ಸಂದರ್ಭಗಳು. ಕ್ಯಾಮರಾದ ತಲೆಯ ಮೇಲಿನ ಪುಟ್ಟ ಫ್ಲ್ಯಾಶ್ ಬಳಸಿದರೆ ಹುಡ್‌ನ ನೆರಳು ಚಿತ್ರದ ಕೆಳಭಾಗದಲ್ಲಿ ಅರ್ಧಚಂದ್ರದಂತೆ ಬೀಳುತ್ತದೆ. ಶಾಸನದ ಕೆಳಸಾಲುಗಳಲ್ಲಿ ಏನಿರುತ್ತದೆ ಅಂತ ನಿಮಗೆ ಗೊತ್ತು: ಶಾಪಾಶಯ, ಕೆಲವೊಮ್ಮೆ ಬರೆದವನ, ಕಂಡರಿಸಿದವನ ಹೆಸರು. ಅವನ ಹೆಸರು ಬೇರೆಲ್ಲೂ ಸಿಗಲಿಕ್ಕಿಲ್ಲ. ವೈಡ್ ಲೆನ್ಸಿಗೆ ಬೇರೆ ಲೆನ್ಸಿನ ಉದ್ದ ಹುಡ್ ಹಾಕಿದರೆ ಮೂಲೆಗಳು ಕಪ್ಪಾಗಿ, ಮೇಲಿನ ಸೂರ್ಯ-ಚಂದ್ರ, ಆಕಳು-ಕರುಗಳ ಅಂಚು ಕಳೆಯುತ್ತದೆ. ಎಸಳಿನಾಕಾರದ ಹುಡ್ ಓರೆಯಾಗಿ ಕೂತರೂ ಇದೇ ಗತಿ. ಟಿಕ್ ಅನ್ನುವ ತನಕ ತಿರುಗಿಸಿ. ಒಂದೊಂದೇ ಅಕ್ಷರವನ್ನು ತೀರ ಹತ್ತಿರದಿಂದ ತೆಗೆಯುವಾಗ ಹುಡ್‌ನ ನೆರಳು ಕಲ್ಲಿನ ಮೇಲೇ ಬೀಳುತ್ತದೆ, ಆಗಲೂ ತೆಗೆಯಿರಿ. ಜೋರು ಗಾಳಿಯಲ್ಲಿ, ಟ್ರೈಪಾಡ್ ಮೇಲೆ ಉದ್ದ ಹುಡ್ ಪಟದಂತೆ ಅಲುಗಾಡುತ್ತದೆ.

ಕತ್ತಲ ನವರಂಗದಲ್ಲಿ ಹುಡ್ ಬೇಡ ಅಂತ ಹಲವರು ಹೇಳುತ್ತಾರೆ. ಬೇರೆ ದೀಪ ಇಲ್ಲದಿದ್ದರೆ ನಿಜ. ಆದರೆ ಬ್ಯಾಟರಿಯನ್ನು ಕಲ್ಲಿನ ಪಕ್ಕಕ್ಕೆ ಹಿಡಿದು ತೆಗೆಯುವಾಗ ಬೇಕೇ ಬೇಕು. ಬ್ಯಾಟರಿಯ ಚೆಲ್ಲುಬೆಳಕು ಲೆನ್ಸಿಗೆ ತಾಗದೆ ಬಿಡುವುದಿಲ್ಲ. ಎಣ್ಣೆ ಸವರಿದ ಕಲ್ಲಿನ ಹೊಳಪಿಗೆ ಮಾತ್ರ ಹುಡ್ ಔಷಧವಲ್ಲ. ಆ ಹೊಳಪು ಕಲ್ಲಿನ ಮೇಲಿನದು, ಲೆನ್ಸಿನೊಳಗಿನದಲ್ಲ. ಅದಕ್ಕೆ ಪೋಲರೈಸರ್ ಹಾಕಿ, ಇಲ್ಲವೇ ಬ್ಯಾಟರಿಯ ಜಾಗ ಬದಲಿಸಿ.

ಇಷ್ಟು ಸಣ್ಣ ವಸ್ತುವಿಗೆ ಇಷ್ಟು ಮಾತು ಯಾಕೆ? ಹಳಗನ್ನಡ ಲಿಪಿಯಲ್ಲಿ ಪಕಾರಕ್ಕೂ ಷಕಾರಕ್ಕೂ ಇರುವ ಭೇದ ಹೊಟ್ಟೆಯೊಳಗಿನ ಒಂದು ಗೀರು. ಅನುಸ್ವಾರ ಒಂದು ಗುಳಿ. ಕಲ್ಲಿನ ಸಹಜ ಗುಳಿಯಿಂದ ಅದನ್ನು ಬೇರೆ ಮಾಡುವುದು ಅದರ ಅಂಚಿನ ನೆರಳು. ಶಕವರ್ಷದ ಒಂದು ಅಂಕಿ ತಪ್ಪಿದರೆ ದಾನ ಕೊಟ್ಟ ಅರಸನೇ ಬದಲಾದಾನು. ತೇರದಾಳದ ನೇಮಿನಾಥ ಬಸದಿಯ ಶಾಸನವನ್ನು ನೆನೆಯಿರಿ. ಗೊಂಕನ ಜಿನಾಲಯಕ್ಕೆ ಸಂಬಂಧಿಸಿದ, ಶಕ 1045ರ (ಕ್ರಿ.ಶ. 1123-24) ಬರಹ ಅದು, ಅದೇ ಕಲ್ಲಿನ ಮೇಲೆ ಆಮೇಲಿನ ದಾನಗಳೂ ಸೇರಿವೆ. ಫ್ಲೀಟ್ ಅದನ್ನು 1885ರಲ್ಲಿ ಪ್ರಕಟಿಸಿದರು. ಇಂಥ ಕಲ್ಲುಗಳಲ್ಲಿ ಯಾವ ಸಾಲು ಯಾವ ಕಾಲದ್ದು ಅನ್ನೋದನ್ನು ಅಕ್ಷರದ ರೂಪವೇ ಹೇಳಬೇಕು. ಮಸುಕಾದ ಫೋಟೊ ಅದನ್ನು ಹೇಳದು.

ಬೆಂಗಳೂರಿನಲ್ಲಿ ಮಿಥಿಕ್ ಸೊಸೈಟಿಯವರು ಶಾಸನಗಳನ್ನು ತ್ರೀಡಿ ಸ್ಕ್ಯಾನ್ ಮಾಡುತ್ತಿದ್ದಾರೆ; ಅಲ್ಲಿ ಸೂರ್ಯನ ಹಂಗು ಕಡಿಮೆ. ಆ ಯಂತ್ರ ಪ್ರತಿ ಹಳ್ಳಿಗೆ ಬರುವ ತನಕ ಕಲ್ಲು ಕಾಯುತ್ತದೆಯೇ? ನಮ್ಮ ಸೀಮೆಯಲ್ಲಿ ಆಲಮಟ್ಟಿಯ ಹಿನ್ನೀರು ಊರುಗಳನ್ನೇ ನುಂಗಿದ್ದನ್ನು ಕಂಡಿದ್ದೇವೆ. ಗುಡಿ ಹೊಸದಾಗಿ ಕಟ್ಟುವಾಗ ಕಲ್ಲು ಪಾಯಕ್ಕೆ ಹೋಗುತ್ತದೆ, ಇಲ್ಲವೇ ಆಯಿಲ್ ಪೇಂಟ್ ಬಳಿಸಿಕೊಳ್ಳುತ್ತದೆ. ನೀವು ಇವತ್ತು ತೆಗೆದ ಫೋಟೊವೇ ಆ ಕಲ್ಲಿನ ಕೊನೆಯ ದಾಖಲೆ ಆಗಬಹುದು.

ಹಾಗಾಗಿ ಒಂದೇ ಕೋರಿಕೆ. ಹುಡ್ ಹಾಕಿ ಒಂದು, ತೆಗೆದು ಒಂದು, ಹೀಗೆ ಎರಡೆರಡು ಫೋಟೊ ತೆಗೆಯಿರಿ. ಜೊತೆಗೆ ಹೊತ್ತು, ಕಲ್ಲು ಮುಖ ಮಾಡಿರುವ ದಿಕ್ಕು, ಬೆಳಕು ಬಂದ ಕಡೆ, ಈ ಮೂರನ್ನೂ ಬರೆದಿಡಿ. ಮುಂದೆ ಓದುವವರಿಗೆ, ಒಂದು ಗೀರು ಅಕ್ಷರದ್ದೋ ನೆರಳಿನದ್ದೋ ಅಂತ ತೀರ್ಮಾನಿಸಲು ಅಷ್ಟು ಬೇಕಾಗುತ್ತದೆ.